ವಾಯಿದೆ ಮೇಲೆ ವಾಯಿದೆ

(ಸಂಸೆ. ಆಷಾಢದ ಮಳೆ. ಕುದುರೆಮುಖದ ಕಡೆಯಿಂದ ಮೋಡ ಇಳಿದು ಚಹಾ ತೋಟ ಮುಚ್ಚಿಹೋಗಿದೆ. ಕರೆಂಟಿಲ್ಲ. ಮಾತಾಡುವವರು ಇಬ್ಬರು: ಅಡಿಕೆ, ಕಾಫಿ ನೋಡಿಕೊಂಡಿರುವ ಚಿಕ್ಕಮ್ಮ ಮತ್ತು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ಅವಳ ಅಕ್ಕನ ಮಗ. ವಯಸ್ಸು ನಲವತ್ತು ದಾಟಿದರೂ ಈ ಮನೆಯಲ್ಲಿ ಅವನಿನ್ನೂ ಹುಡುಗ. ಇಲ್ಲೂ ಹಾಗೇ ಕರೆದಿದೆ.)

ಚಿಕ್ಕಮ್ಮ: ಹಬ್ಬ ಇಲ್ಲ, ತಿಥಿ ಇಲ್ಲ, ಇಂಥ ಮಳೆಗೆ ಊರಿಗೆ ಬಂದಿದ್ದೀ. ಬಂದವ ಜಗಲಿ ಮೂಲೆಯಲ್ಲಿ ಕೂತು ಕುಟ್ಟೂದೇ ಕುಟ್ಟೂದು. ನಾಲ್ಕು ದಿನ ರಜೆ ಕೊಡೂದಿಲ್ವಾ ಮಾರಾಯ ನಿಂಗೆ?

ಹುಡುಗ: ಧಾರಾವಾಹಿಗೆಲ್ಲಿ ರಜೆ ಚಿಕ್ಕಮ್ಮ? ವಾರಕ್ಕೆ ಆರು ಕಂತು ಹೋಗಲೇಬೇಕು. ಶೂಟಿಂಗ್ ಮುಗಿಸಿ, ಎಡಿಟ್ ಮಾಡಿ ಮುಂಗಡ ಇಟ್ಟುಕೊಂಡ ಕಂತುಗಳಿಗೆ ಬ್ಯಾಂಕ್ ಅಂತೀವಿ. ಬ್ಯಾಂಕ್ ಹತ್ತಿದ್ದರೆ ನಿರ್ದೇಶಕರು ನನ್ನ ಹತ್ತಿರ ಸಾಹಿತ್ಯ ಮಾತಾಡ್ತಾರೆ. ಎರಡಕ್ಕಿಳಿದರೆ ಬೆಳಿಗ್ಗೆ ಐದಕ್ಕೆ ಫೋನ್ ಬರುತ್ತೆ, ಅದರಲ್ಲಿ ಸಾಹಿತ್ಯ ಇರೋದಿಲ್ಲ.

ಚಿಕ್ಕಮ್ಮ: ಈಗ ಎಷ್ಟುಂಟು?

ಹುಡುಗ: ಎರಡು. ಇವತ್ತು ರಾತ್ರಿಯೊಳಗೆ ಒಂದು ಕಂತು ಕಳಿಸಬೇಕು. ಟವರ್ ಬೇರೆ ಸತ್ತಿದೆ. ಬರೆದಾದ ಮೇಲೆ ಗುಡ್ಡದ ತಲೆಗೆ ಹೋಗಿ ಕಳಿಸಬೇಕು.

ಚಿಕ್ಕಮ್ಮ: ಹೋಗು, ಉಂಬಳಕ್ಕೂ ಊಟ ಬೇಕಲ್ಲ. ಅಲ್ಲ, ನೀನು ರಾತ್ರಿ ಕಳಿಸಿದ್ರೆ ಆ ನಟರೆಲ್ಲ ಬಾಯಿಪಾಠ ಮಾಡೂದು ಯಾವಾಗ?

ಹುಡುಗ: ಬಾಯಿಪಾಠ ಎಲ್ಲಿಂದ ಬಂತು? ಒಬ್ಬ ಸಹಾಯಕ ನಿರ್ದೇಶಕ ಕ್ಯಾಮೆರಾ ಪಕ್ಕ ನಿಂತು ಒಂದೊಂದೇ ಸಾಲು ಕೂಗಿ ಹೇಳ್ತಾನೆ. ಅವರು ಅದಕ್ಕೆ ಭಾವ ಸೇರಿಸಿ ವಾಪಸ್ ಹೇಳ್ತಾರೆ. ಪ್ರಾಂಪ್ಟಿಂಗ್ ಅಂತ. ಆಮೇಲೆ ಡಬ್ಬಿಂಗ್ ಮಾಡಿದರೆ ಅವನ ದನಿ ಹೋಯ್ತು. ಅದಕ್ಕೇ ನಾನು ಉದ್ದ ವಾಕ್ಯ ಬರೆಯೋ ಹಾಗಿಲ್ಲ. ಎಂಟು ಹತ್ತು ಪದ ದಾಟಿತೋ, ನಟಿಯ ಕಣ್ಣು ಮಧ್ಯದಲ್ಲೇ ಪ್ರಾಂಪ್ಟರ್ ಕಡೆ ಓಡುತ್ತೆ. ನೋಡೋರು, ಇವಳೇನೋ ಸಂಚು ಮಾಡ್ತಿದ್ದಾಳೆ ಅಂದುಕೊಳ್ತಾರೆ.

ಚಿಕ್ಕಮ್ಮ: ಅಯ್ಯೋ ದೇವರೇ, ಅದು ಸಂಚಲ್ವಾ? ನಾನು ಎಷ್ಟು ಜನರ ಮೇಲೆ ಸುಮ್ಮನೆ ಗುಮಾನಿ ಪಟ್ಟೆ! ಇರಲಿ, ಕಥೆ ನಿಂದೇ ಅಲ್ವಾ?

ಹುಡುಗ: ಕಥೆ ಒಬ್ಬರದು. ಅದನ್ನ ದೃಶ್ಯಗಳಾಗಿ ಒಡೆದು ಚಿತ್ರಕಥೆ ಮಾಡೋರು ಇನ್ನೊಬ್ಬರು. ನನ್ನ ಕೈಗೆ ಬರೋದು ಒನ್‌ಲೈನ್, ಅಂದರೆ ದೃಶ್ಯಕ್ಕೊಂದೆರಡು ಸಾಲು. ‘ಅತ್ತೆಗೆ ವಿಷಯ ಗೊತ್ತಾಗುತ್ತದೆ, ಸೊಸೆ ಮುಚ್ಚಿಡುತ್ತಾಳೆ.’ ಅಷ್ಟೇ. ಅದಕ್ಕೆ ನಾನು ಮಾತು ತುಂಬಬೇಕು. ಎಲ್ಲರ ಮೇಲೆ ವಾಹಿನಿಯವರು ಕೂತಿರ್ತಾರೆ. ಗುರುವಾರ ಟಿಆರ್‌ಪಿ ಬರುತ್ತೆ. ಬೆಳಿಗ್ಗೆ ಒಳ್ಳೆಯವಳಾಗಿದ್ದವಳು ಗುರುವಾರ ಮಧ್ಯಾಹ್ನದ ಮೇಲೆ ಕೆಟ್ಟವಳಾದದ್ದು ಎಷ್ಟೋ ಇದೆ.

ಚಿಕ್ಕಮ್ಮ: ಹಾಗಾದ್ರೆ ಕಥೆ ಗುರುವಾರದ್ದು ಅನ್ನು.

ಹುಡುಗ: ನೀನು ನೋಡ್ತೀಯಾ ನಮ್ಮದನ್ನ?

ಚಿಕ್ಕಮ್ಮ: ನೋಡ್ತಿದ್ದೆ. ಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಆ ಗಂಡ ಹೆಂಡತಿ ನಡುವೆ ಒಂದು ತಪ್ಪು ತಿಳಿವಳಿಕೆ ಬಂತಲ್ಲ, ಇಬ್ಬರ ಕೈಯಲ್ಲೂ ಫೋನುಂಟು. ಒಂದು ಫೋನ್ ಮಾಡಿದ್ರೆ ಅರ್ಧ ನಿಮಿಷದ ಕೆಲಸ. ಮಾಡೂದಿಲ್ಲ. ಅಡಿಕೆ ಕೊಯ್ಲಿಗೆ ಶುರುವಾದದ್ದು, ಕಾಫಿ ಕೊಯ್ದು, ಒಣಗಿಸಿ, ಮಾರಿ, ದುಡ್ಡು ಖರ್ಚಾದ್ರೂ ಮುಗೀಲಿಲ್ಲ.

ಹುಡುಗ: ಎಳೆಯೋದು ಧಾರಾವಾಹಿಯ ಗುಣ. ಕಥೆ ಮುಗಿದರೆ ಎಲ್ಲರೂ ಮನೆಗೆ ಹೋಗಬೇಕು. ನಟರು ಮಾತ್ರ ಅಲ್ಲ, ಲೈಟ್ ಹಿಡಿಯೋ ಹುಡುಗ, ಸೆಟ್ಟಿಗೆ ಊಟ ತರೋನು, ನಾನು.

ಚಿಕ್ಕಮ್ಮ: ಎಳೀಬೇಡ ಅಂತ ನಾನೆಲ್ಲಿ ಹೇಳಿದೆ? ಎಳೆದದ್ದನ್ನೇ ಓದಿ, ನೋಡಿ ದೊಡ್ಡವಳಾದದ್ದು ನಾನು. ಟಿವಿಗಿಂತ ಮೊದಲು ಸುಧಾ ಪತ್ರಿಕೆ ಬರ್ತಿತ್ತು. ಕಳಸಕ್ಕೆ ಹೋದವರು ಯಾರಾದ್ರೂ ತಂದುಕೊಡಬೇಕು. ಅದರಲ್ಲಿ ಕಾದಂಬರಿ ವಾರ ವಾರ ಬರ್ತಿತ್ತಲ್ಲ, ಆ ಹಾಳೆ ಮಾತ್ರ ಕತ್ತರಿಸಿ ತೆಗೆದಿಡೂದು, ಮುಗಿದ ಮೇಲೆ ಒಟ್ಟು ಮಾಡಿ ಹೊಲಿಯೂದು. ಗೋಣಿ ಹೊಲಿಯೂ ದಬ್ಬಳ, ಗೋಣಿ ದಾರ. ಅಟ್ಟದ ಮೇಲೆ ಈಗಲೂ ಉಂಟು ನೋಡು. ಒಂದಕ್ಕೆ ಮಧ್ಯದ ಎರಡು ವಾರ ಇಲ್ಲ. ಆ ಮಳೆಗಾಲ ಗುಡ್ಡ ಜರಿದು ಬಸ್ಸೇ ಇರಲಿಲ್ಲ. ಆ ಎರಡು ವಾರದಲ್ಲಿ ಎಂತ ಆಯ್ತು ಅಂತ ನಾನೇ ಕಟ್ಟಿಕೊಂಡದ್ದು. ನನ್ನ ಲೆಕ್ಕದಲ್ಲಿ ಆ ಹುಡುಗಿ ಮಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಿದ್ಲು.

ಹುಡುಗ: ಬರೆದವರು ಸೇರಿಸಿದ್ರೋ ಇಲ್ವೋ.

ಚಿಕ್ಕಮ್ಮ: ಅವರ ಇಷ್ಟ ಅವರಿಗೆ. ಆಮೇಲೆ ಟಿವಿ ಬಂತು. ನಮ್ಮಲ್ಲಿ ತಂದದ್ದು ರಾಮಾಯಣಕ್ಕೇ. ಕಪ್ಪು ಬಿಳುಪಿನ ಸಣ್ಣ ಟಿವಿ. ಭಾನುವಾರ ಬೆಳಿಗ್ಗೆ ಕರೆಂಟ್ ಹೋಯ್ತೋ, ನಿನ್ನ ಚಿಕ್ಕಪ್ಪ ಜೀಪಿನ ಬ್ಯಾಟರಿ ಬಿಚ್ಚಿ ತಂದು ಜಗಲಿಯಲ್ಲಿಟ್ಟು ಟಿವಿಗೆ ವಯರು ಕೊಡೂದು. ಸೀತೆಯನ್ನ ಕದ್ದುಕೊಂಡು ಹೋಗುವಾಗ ಚಿತ್ರ ಸಣ್ಣಗಾಗ್ತಾ ಬಂತು. ಬ್ಯಾಟರಿ ಖಾಲಿ. ಆವತ್ತು ರಾವಣನಿಗಿಂತ ಜಾಸ್ತಿ ಬೈಗುಳ ತಿಂದದ್ದು ನಿನ್ನ ಚಿಕ್ಕಪ್ಪ.

ಹುಡುಗ: ಅದಕ್ಕೂ ಮೊದಲು ದೂರದರ್ಶನದಲ್ಲಿ ‘ಹಮ್ ಲೋಗ್’ ಅಂತ ಬಂದಿತ್ತು, 1984ರಲ್ಲಿ. ನಮ್ಮ ಕಸುಬಿನ ಮೂಲ ಅಲ್ಲಿದೆ. ಬರೆದವರು ಹಿಂದಿ ಕಾದಂಬರಿಕಾರ ಮನೋಹರ ಶ್ಯಾಮ ಜೋಶಿ. ಮೆಕ್ಸಿಕೋದಲ್ಲಿ ಧಾರಾವಾಹಿ ಮೂಲಕ ಕುಟುಂಬ ಯೋಜನೆ ಪ್ರಚಾರ ಮಾಡ್ತಾರೆ, ಇಲ್ಲೂ ಮಾಡೋಣ ಅಂತ ಸರ್ಕಾರ ಹೊರಟಿತು. ಜನಕ್ಕೆ ಆ ಉಪದೇಶ ರುಚಿಸಲಿಲ್ಲ, ಆ ಮನೆಯ ಜಗಳ ರುಚಿಸಿತು. ಜೋಶಿ ಉಪದೇಶ ಇಳಿಸಿ ಮನೆವಾರ್ತೆ ಏರಿಸಿದರು. ಬುದ್ಧಿ ಹೇಳೋ ಕೆಲಸ ಕೊನೆಯಲ್ಲಿ ಬರ್ತಿದ್ದ ಅಶೋಕ್ ಕುಮಾರ್ ಅವರದ್ದು. ಅಂದರೆ ನೋಡುವವರ ಮರ್ಜಿ ನೋಡಿ ಕಥೆ ತಿರುಗಿಸೋದು ಇವತ್ತಿನ ಚಾಳಿ ಅಲ್ಲ. ಆಗ ಕಾಗದ ಬರ್ತಿತ್ತು, ಈಗ ಟಿಆರ್‌ಪಿ ಬರುತ್ತೆ.

ಚಿಕ್ಕಮ್ಮ: ಕಾಗದ ಬರೆಯೂದಕ್ಕೆ ಒಬ್ಬ ಮನುಷ್ಯ ಕೂತು ಯೋಚನೆ ಮಾಡಬೇಕು ಮಾರಾಯ. ಟಿವಿ ಹಾಕಿಟ್ಟು ಒಳಗೆ ದೋಸೆ ಹೊಯ್ತಾ ಇದ್ದರೂ ನಿನ್ನ ಟಿಆರ್‌ಪಿ ಲೆಕ್ಕಕ್ಕೆ ಬರ್ತದೆ.

ಹುಡುಗ: ಅದು ನಿಜ. ದೋಸೆ ಹೊಯ್ಯೋರಿಗೂ ಅರ್ಥ ಆಗಲಿ ಅಂತಲೇ ಒಂದು ವಿಷಯ ಮೂರು ಸಲ ಹೇಳಿಸ್ತಾರೆ. ಹೋಗಲಿ, ‘ಮಾಲ್ಗುಡಿ ಡೇಸ್’ ನೋಡಿದ್ಯಾ?

ಚಿಕ್ಕಮ್ಮ: ಎಂತ ಕೇಳ್ತೀ! ಆಗುಂಬೆಯಲ್ಲಿ ತೆಗೆದದ್ದಲ್ವಾ, ಶಂಕರ್ ನಾಗ್. ಇಲ್ಲಿಂದ ಕೆರೆಕಟ್ಟೆ, ಶೃಂಗೇರಿ ದಾಟಿದ್ರೆ ಆಗುಂಬೆ. ಆ ದೊಡ್ಡಮನೆ, ಆ ಬೀದಿ. ಹಿಂದಿ ಅರ್ಧ ತಿಳೀತಿರಲಿಲ್ಲ, ಆದ್ರೆ ಸ್ವಾಮಿ ಅಪ್ಪನ ಹತ್ತಿರ ಹೆದರಿ ನಿಂತದ್ದು ತಿಳಿಯೂದಕ್ಕೆ ಹಿಂದಿ ಎಂತಕ್ಕೆ? ಅಪ್ಪ ಗಿರೀಶ ಕಾರ್ನಾಡರು. ನಮಗೂ ಹೆದರಿಕೆ ಆಗ್ತಿತ್ತು. ಅದು ಮಾತ್ರ ನೀನು ಹೇಳೂ ಧಾರಾವಾಹಿ ಅಲ್ಲ. ಆರ್.ಕೆ. ನಾರಾಯಣ್ ಅವರ ಕಥೆ ಹೆಚ್ಚಿನದ್ದೂ ಅಲ್ಲಲ್ಲಿಗೇ ಮುಗೀತದೆ.

ಹುಡುಗ: ಮುಗಿಯೋ ಕಥೆ ಬರೆಯೋದು ಸುಖ. ಇಂಗ್ಲೆಂಡಿನಲ್ಲಿ ಆಂಡ್ರೂ ಡೇವಿಸ್ ಅಂತ ಇದ್ದಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಹೇಳ್ತಿದ್ದವರು, ಹಳೇ ಕಾದಂಬರಿಗಳನ್ನ ಟಿವಿಗೆ ತರೋದರಲ್ಲಿ ಎತ್ತಿದ ಕೈ. 1995ರಲ್ಲಿ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬಿಬಿಸಿಗೆ ಮಾಡಿದರು. ನಾಯಕ ಕೊಳಕ್ಕೆ ಹಾರಿ ಒದ್ದೆ ಅಂಗಿಯಲ್ಲಿ ನಾಯಕಿ ಎದುರು ಬರ್ತಾನೆ. ಕಾದಂಬರಿಯಲ್ಲಿ ಕೊಳಕ್ಕೆ ಹಾರೋದೂ ಇಲ್ಲ, ಒದ್ದೆ ಅಂಗಿಯೂ ಇಲ್ಲ. ಜನ ಇವತ್ತಿಗೂ ಮಾತಾಡೋದು ಅದನ್ನೇ. ಒಟ್ಟು ಆರೇ ಕಂತು.

ಚಿಕ್ಕಮ್ಮ: ಆರಾ? ನಮ್ಮಲ್ಲಿ ಆರು ಕಂತಿಗೆ ಮದುಮಗಳು ಮೆಟ್ಟಿಲಿಳಿದು ಆಗೂದಿಲ್ಲ.

ಹುಡುಗ: ದೂರದರ್ಶನದಲ್ಲಿ ಬಂದ ನಮ್ಮ ‘ಮಾಯಾಮೃಗ’ ಮಾತ್ರ ನೂರಾರು ಕಂತು. ಅದನ್ನ ಎಳೆದರು ಅಂತ ನೀನು ಹೇಳೋದಿಲ್ಲ.

ಚಿಕ್ಕಮ್ಮ: ಹೇಳೂದಿಲ್ಲ. ಯಾಕೆ ಹೇಳೂದಿಲ್ಲ ಅಂತ ಕೇಳು.

ಹುಡುಗ: ಯಾಕೆ?

ಚಿಕ್ಕಮ್ಮ: ಅದಕ್ಕೆ ನಮ್ಮ ಕೇಸಿನ ವಿಷಯ ಹೇಳಬೇಕು. ಮೇಲಿನ ತೋಟದ ಗಡಿ ವ್ಯಾಜ್ಯ, ನಿನಗೆ ನೆನಪುಂಟಲ್ಲ. ದಾಯಾದಿಗಳದ್ದೇ. ಚಿಕ್ಕಪ್ಪನ ತಲೆ ಕಪ್ಪಿದ್ದಾಗ ಹಾಕಿದ ಕೇಸು. ಆಗ ಕಳಸ ತಾಲ್ಲೂಕಾಗಿರಲಿಲ್ಲ, ಎಲ್ಲದಕ್ಕೂ ಮೂಡಿಗೆರೆ. ಕತ್ತಲಿರುವಾಗಲೇ ಬಸ್ಸು. ನಾವೂ ಅದೇ ಬಸ್ಸು, ಎದುರು ಪಾರ್ಟಿಯೂ ಅದೇ ಬಸ್ಸು, ಬೇರೆ ಇದ್ದರಲ್ವಾ? ಅವರು ಮುಂದಿನ ಸೀಟು, ನಾವು ಹಿಂದಿನ ಸೀಟು. ಕೊಟ್ಟಿಗೆಹಾರದಲ್ಲಿ ಇಳಿದು ಒಂದೇ ಹೋಟೆಲಿನಲ್ಲಿ ನೀರುದೋಸೆ. ಒಂದು ದಿನ ಇವರು ಕೈ ತೊಳೆದು ಬರೂದರೊಳಗೆ ಅವರು ಎರಡೂ ಕಡೆಯ ಬಿಲ್ಲು ಕೊಟ್ಟಾಗಿತ್ತು. ಚಿಕ್ಕಪ್ಪನಿಗೆ ಆವತ್ತು ಇಡೀ ದಿನ ಸಿಟ್ಟು. ಕೇಸು ಹಾಕಿದ್ದಕ್ಕಲ್ಲ, ಬಿಲ್ಲು ಕೊಟ್ಟದ್ದಕ್ಕೆ. ಕೋರ್ಟಿಗೆ ಹೋಗಿ ಕೂತರೆ ಮಧ್ಯಾಹ್ನದ ಮೇಲೆ ಹೆಸರು ಕೂಗ್ತಾರೆ. ಮುಂದಿನ ವಾಯಿದೆ ಇಂಥ ತಾರೀಕು. ವಾಪಸ್ ಬಾ.

ಹುಡುಗ: ಇದೇ ಧಾರಾವಾಹಿ ಅಲ್ವಾ ಚಿಕ್ಕಮ್ಮ!

ಚಿಕ್ಕಮ್ಮ: ಅದನ್ನೇ ಹೇಳೂದು. ಎಷ್ಟು ವರ್ಷ ಎಳೀತು. ಆದ್ರೆ ಯಾರೂ ಸುಮ್ಮನೆ ಎಳೆದದ್ದಲ್ಲ. ಒಂದು ಸಲ ಸರ್ವೆಯವ ಬರಲಿಲ್ಲ, ಒಂದು ಸಲ ಸಾಕ್ಷಿ ಹೇಳಬೇಕಾದ ಮುದುಕ ತೀರಿಕೊಂಡ, ಒಂದು ಸಲ ನಮ್ಮ ಹತ್ತಿರ ವಕೀಲರಿಗೆ ಕೊಡೂದಕ್ಕೆ ದುಡ್ಡಿಲ್ಲದೆ ನಾವೇ ವಾಯಿದೆ ಕೇಳಿದ್ದು. ಪ್ರತಿ ವಾಯಿದೆಗೂ ಒಬ್ಬ ಮನುಷ್ಯನ ಕಾರಣ ಉಂಟು. ಮಾಯಾಮೃಗ ನೋಡುವಾಗ ನನಗೆ ಹಾಗೇ ಅನ್ನಿಸ್ತಿತ್ತು. ಇವತ್ತು ಮುಗಿಯಬೇಕಾದದ್ದು ಮುಗೀಲಿಲ್ಲ, ಯಾಕಂದ್ರೆ ಆ ಅಪ್ಪನಿಗೆ ಸಾಲ ಕೇಳೂದಕ್ಕೆ ಮರ್ಯಾದೆ ಅಡ್ಡ ಬರ್ತದೆ, ಆ ಹುಡುಗಿಗೆ ಒಪ್ಪಿಕೊಳ್ಳೂದಕ್ಕೆ ಹಟ ಬಿಡೂದಿಲ್ಲ. ಫೋನು ಸಿಗಲಿಲ್ಲ ಅಂತ ಅಲ್ಲ.

ಹುಡುಗ: ನೀನು ಹೇಳಿದ್ದು ಸರಿಯಾದ ಜಾಗಕ್ಕೆ ತಗಲಿತು ನೋಡು. ಅದನ್ನ ಮಾಡಿದ ಟಿ.ಎನ್. ಸೀತಾರಾಮ್ ಮೂಲದಲ್ಲಿ ವಕೀಲರು, ಗೌರಿಬಿದನೂರಿನ ಕಡೆಯವರು. ‘ಆಸ್ಫೋಟ’ದಂಥ ನಾಟಕ ಬರೆದವರು, 1976ರಲ್ಲಿ ಲಂಕೇಶರು ‘ಪಲ್ಲವಿ’ ಸಿನಿಮಾ ಮಾಡಿದಾಗ ಅದರ ನಾಯಕ. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಜತೆ ಸೇರಿ ದೂರದರ್ಶನಕ್ಕೆ ಮಾಯಾಮೃಗ ಮಾಡಿದರು. ವಕೀಲರಿಗೆ ವಾಯಿದೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಕ್ಕಿಷ್ಟೇ ವಿಚಾರಣೆ, ಇವತ್ತಿನ ಸಾಕ್ಷಿ ಹೇಳಿದ್ದನ್ನ ನಾಳಿನ ಸಾಕ್ಷಿ ಸ್ವಲ್ಪ ತಿರುಗಿಸ್ತಾನೆ, ತೀರ್ಪು ದೂರ. ದಿನಕ್ಕೊಂದು ಕಂತು ಬರೆಯೋಕೆ ಅದಕ್ಕಿಂತ ಒಳ್ಳೆ ತಾಲೀಮು ಇನ್ನೊಂದಿಲ್ಲ.

ಚಿಕ್ಕಮ್ಮ: ಆಮೇಲೆ ‘ಮುಕ್ತ’ದಲ್ಲಿ ಅವರೇ ಕರಿ ಕೋಟು ಹಾಕಿ ಬಂದ್ರಲ್ಲ, ವಕೀಲ ಸಿಎಸ್‌ಪಿ.

ಹುಡುಗ: ಹಾಂ. ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, ಎಲ್ಲದರಲ್ಲೂ ಕೋರ್ಟು ಇಣುಕುತ್ತೆ.

ಚಿಕ್ಕಮ್ಮ: ಆ ಕೋರ್ಟಿನಲ್ಲಿ ಒಂದು ವಿಶೇಷ ಉಂಟು, ಗಮನಿಸಿದ್ಯಾ? ಎದುರು ವಕೀಲನನ್ನ ದಡ್ಡ ಮಾಡೂದಿಲ್ಲ. ಅವನೂ ಒಳ್ಳೆ ಮಾತೇ ಆಡ್ತಾನೆ. ನೋಡುವಾಗ ನಮ್ಮ ಮನಸ್ಸು ಆಚೆ ಹೋಗ್ತದೆ, ಈಚೆ ಬರ್ತದೆ. ನನಗೆ ತಾಳಮದ್ದಲೆ ನೆನಪಾಗ್ತಿತ್ತು. ವಾಲಿವಧೆ ಪ್ರಸಂಗ. ವಾಲಿಗೆ ಬಾಣ ಬಿದ್ದಾಗಿದೆ, ಸಾಯೂದೇ, ಕೂತವರಿಗೆಲ್ಲ ಗೊತ್ತು. ಆದ್ರೂ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ಅವನು ರಾಮನನ್ನ ಕೇಳ್ತಾನಲ್ಲ, ಅದಕ್ಕೆ ರಾಮ ಉತ್ತರ ಕೊಡಬೇಕಲ್ಲ. ಅರ್ಥಧಾರಿ ಶೇಣಿಯವರು ವಾಲಿಯ ಅರ್ಥ ಹೇಳ್ತಿದ್ದಾಗ ರಾಮನ ಪಾಡು ಯಾರಿಗೂ ಬೇಡವಾಗಿತ್ತು. ಕಥೆ ಗೊತ್ತಿದ್ದವರೇ ಬೆಳಗಾಗುವ ತನಕ ಕೂತದ್ದು. ಮುಂದೇನಾಗ್ತದೆ ಅಂತಲಾ? ಅಲ್ಲ. ಇವ ಎಂತ ಹೇಳ್ತಾನೆ, ಅವ ಅದಕ್ಕೆ ಎಂತ ಹೇಳ್ತಾನೆ ಅಂತ.

ಹುಡುಗ: ವಾಲಿಗೆ ಪ್ರಾಂಪ್ಟರ್ ಇರಲಿಲ್ಲ.

ಚಿಕ್ಕಮ್ಮ: ಎಂತ?

ಹುಡುಗ: ತಮಾಷೆಗೆ ಹೇಳಿದ್ದಲ್ಲ. ಸೀತಾರಾಮ್ ಅವರ ಪಾತ್ರಗಳು ಅಷ್ಟುದ್ದ ಮಾತಾಡ್ತಿದ್ದವು. ಎಸ್.ಎನ್. ಸೇತುರಾಮ್ ಅವರ ‘ಮಂಥನ’ ನೆನಪಿದೆಯಾ, ಆದಾಯ ತೆರಿಗೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು ಬರೆದದ್ದು, ಅದರಲ್ಲಂತೂ ಒಬ್ಬರು ಬಾಯಿ ತೆಗೆದರೆ ಜಾಹೀರಾತು ಬರೋ ತನಕ ನಿಲ್ಲಿಸೋದಿಲ್ಲ. ನಾನು ಹಾಗೆ ಬರೆದರೆ ಸೆಟ್ಟಿನಿಂದ ಬೈದು ಕಳಿಸ್ತಾರೆ. ಯಾಕೆ ಗೊತ್ತಾ? ಅವರ ನಟರು ಬಹುಪಾಲು ರಂಗಭೂಮಿಯವರು. ಒಂದು ಪುಟ ಮಾತನ್ನ ಕಂಠಪಾಠ ಮಾಡಿ, ಎಲ್ಲಿ ಉಸಿರು ತೆಗೀಬೇಕು, ಎಲ್ಲಿ ಇಳಿಸಬೇಕು ಅಂತ ತಿಳಿದವರು. ಬರೆಯೋನ ವಾಕ್ಯದ ಉದ್ದ ನಟರ ನೆನಪಿನಷ್ಟೇ. ಇವತ್ತು ಚಂದದ ಮುಖದ ಹುಡುಗಿ ಬರ್ತಾಳೆ, ಪಾಪ ಶ್ರಮ ಪಡ್ತಾಳೆ, ಆದರೆ ಕನ್ನಡ ಅವಳಿಗೆ ಕಿವಿಯಿಂದ ಬಾಯಿಗೆ ಹೋಗುತ್ತೆ ಅಷ್ಟೇ. ನಾನು ಅವಳ ಕೈಯಲ್ಲಿ ವಾದ ಮಾಡಿಸೋದು ಹೇಗೆ? ‘ಏನ್ ಹೇಳ್ತಿದ್ದೀರಾ ನೀವು?’ ಅಂತ ಬರೀತೀನಿ. ಅದಕ್ಕೆ ಮೂರು ಆಂಗಲ್‌ನಲ್ಲಿ ಕ್ಯಾಮೆರಾ ಇಡ್ತಾರೆ.

ಚಿಕ್ಕಮ್ಮ: ನಟರ ಮೇಲೆ ಹಾಕಬೇಡ. ಉದ್ದ ಮಾತೇ ಆಗಬೇಕು ಅಂತ ನಾನೆಲ್ಲಿ ಹೇಳಿದೆ? ನಮ್ಮ ಮನೆಯಲ್ಲಿ ಉದ್ದ ಮಾತಾಡೂದು ಯಾರು? ಚಿಕ್ಕಪ್ಪ ದಿನಕ್ಕೆ ಇಪ್ಪತ್ತು ಮಾತಾಡಿದ್ರೆ ಜಾಸ್ತಿ.

ಹುಡುಗ: ಆದರೂ ನನ್ನ ಕಡೆಯ ವಾದ ಸ್ವಲ್ಪ ಕೇಳು, ನೀನೇ ಎದುರು ವಕೀಲರನ್ನ ದಡ್ಡ ಮಾಡಬಾರದು ಅಂದೆಯಲ್ಲ. ಮಾಯಾಮೃಗ ಬಂದಾಗ ಕನ್ನಡಕ್ಕೆ ಎಷ್ಟು ವಾಹಿನಿ ಇತ್ತು? ಮುಖ್ಯವಾಗಿ ದೂರದರ್ಶನ, ಉದಯ. ನೋಡೋರಿಗೆ ಬೇರೆ ದಾರಿ ಕಡಿಮೆ. ಈಟಿವಿ ಬಂದದ್ದೇ 2000ದ ಕೊನೆಗೆ. ಇವತ್ತು ಒಂದೇ ಹೊತ್ತಿಗೆ ನಾಲ್ಕೈದು ಕಡೆ ಧಾರಾವಾಹಿ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಕಥೆಗೆ ಸಿಗೋದು 22 ನಿಮಿಷದ ಆಸುಪಾಸು. ಪ್ರತಿ ಬ್ರೇಕಿಗೆ ಮುಂಚೆ ಏನಾದರೂ ಬೀಳಬೇಕು ಇಲ್ಲಾ ಯಾರಾದರೂ ಬಾಗಿಲು ತಳ್ಳಿಕೊಂಡು ಬರಬೇಕು, ಇಲ್ಲದಿದ್ದರೆ ಜನ ಆಚೆ ವಾಹಿನಿಗೆ ಹೋಗಿ ವಾಪಸ್ ಬರೋದಿಲ್ಲ. ಸೀತಾರಾಮ್ ಅವರಿಗೂ ಈ ಕಾಲ ಸುಲಭವಾಗಿರಲಿಲ್ಲ. 2018ರಲ್ಲಿ ‘ಮಗಳು ಜಾನಕಿ’ ಶುರು ಮಾಡಿದರು. ಒಳ್ಳೆ ಹೆಸರು ಬಂತು. 2020ರಲ್ಲಿ ಲಾಕ್‌ಡೌನ್ ಬಂದು ಶೂಟಿಂಗ್ ನಿಂತಿತು, ಕಥೆ ಅರ್ಧಕ್ಕೇ ನಿಂತುಹೋಯ್ತು.

ಚಿಕ್ಕಮ್ಮ: ಅದು ನನಗೆ ಸಂಕಟ ಆದದ್ದು. ಆ ಹುಡುಗಿ ಮುಂದೆ ಎಂತ ಆದ್ಲು ಅಂತ ಈಗಲೂ ತಿಳೀದು. ಇಲ್ಲೂ ನಾನೇ ಕಟ್ಟಿಕೊಳ್ಳಬೇಕು.

ಹುಡುಗ: ಅದೇ ಹೊತ್ತಿಗೆ ಹಿಂದಿಯ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂತು. ಜನ ಮುಗಿಬಿದ್ದು ನೋಡಿದರು. ನಮ್ಮಂಥವರಿಗೆ ಆವತ್ತು ನಿದ್ದೆ ಇಲ್ಲ. ಡಬ್ಬಿಂಗ್ ಧಾರಾವಾಹಿಗೆ ಚಿತ್ರಕಥೆ ಬರೆಯೋನು ಬೇಡ, ಲೊಕೇಶನ್ ಬೇಡ, ಇಲ್ಲಿನ ನಟರ ಮುಖ ಬೇಡ. ತುಟಿಗೆ ಹೊಂದೋ ಹಾಗೆ ಮಾತು ಬರೆಯೋನು ಒಬ್ಬ ಸಾಕು. ಇಷ್ಟು ಭಯ ಇಟ್ಟುಕೊಂಡು ಯಾರಾದರೂ ವಾಹಿನಿಯವರ ಮುಂದೆ ಹೋಗಿ ‘ಈ ವಾರ ಏನೂ ಬೀಳೋದಿಲ್ಲ, ಇಬ್ಬರು ಕೂತು ವಾದ ಮಾಡ್ತಾರೆ’ ಅಂತ ಹೇಳಿಯಾರಾ?

ಚಿಕ್ಕಮ್ಮ: ನಿನ್ನ ಕಷ್ಟ ಗೊತ್ತಾಯ್ತು. ಆದ್ರೆ ನಾನು ಭೈರಪ್ಪನವರ ‘ಗೃಹಭಂಗ’ ಓದಿದವಳು. ಪ್ಲೇಗು ಬರ್ತದೆ, ನಂಜಮ್ಮನ ಮಕ್ಕಳು ಹೋಗ್ತವೆ ಅಂತ ಗೊತ್ತು. ಕಾಸರವಳ್ಳಿಯವರು ಈಟಿವಿಗೆ ಅದನ್ನ ಮಾಡಿದಾಗ ಒಂದು ದಿನ ತಪ್ಪಿಸಿದವಳಲ್ಲ. ಯಾರೂ ಬಾಗಿಲು ತಳ್ಳಿಕೊಂಡು ಬರೂದು ಬೇಕಾಗಲಿಲ್ಲ.

ಹುಡುಗ: ನಿನ್ನಂಥವರ ಮನೆಯಲ್ಲಿ ಟಿಆರ್‌ಪಿ ಪೆಟ್ಟಿಗೆ ಇಡೋದಿಲ್ಲ, ಅದೇ ತೊಂದರೆ.

ಚಿಕ್ಕಮ್ಮ: ಇಟ್ರೂ ಕರೆಂಟ್ ಇರಬೇಕಲ್ಲ. ಇನ್ನೊಂದು ಕೇಳ್ತೇನೆ. ನಿಮ್ಮ ಧಾರಾವಾಹಿಯಲ್ಲಿ ಮಲೆನಾಡು ಅಂದ್ರೆ ಒಂದು ಬಂಗಲೆ, ಒಂದು ಜೀಪು, ಮೀಸೆಯ ಗೌಡ್ರು, ಮಂಜು. ಅಲ್ಲಿ ಯಾರೂ ಕೆಲಸ ಮಾಡೂದಿಲ್ಲ. ತೋಟ ಉಂಟು, ಆಳಿಲ್ಲ. ಕಾಫಿ ಉಂಟು, ರೇಟಿಲ್ಲ. ಒಬ್ಬ ರೈಟ್ರು ಮಸ್ಟರ್ ಪುಸ್ತಕ ಹಿಡಿದದ್ದು ನೋಡಲಿಲ್ಲ ನಾನು.

ಹುಡುಗ: ಪ್ರೋಮೋಗೆ ಎರಡು ದಿನ ಚಿಕ್ಕಮಗಳೂರಿನ ಹೋಂಸ್ಟೇಗೆ ಬರ್ತಾರೆ. ಉಳಿದ ವರ್ಷವೆಲ್ಲ ಬೆಂಗಳೂರಿನ ಶೂಟಿಂಗ್ ಮನೆ. ಕಿಟಕಿ ಹೊರಗೆ ನಾಲ್ಕು ಕುಂಡ ಇಟ್ಟರೆ ಅದು ತೋಟ. ಸೀತಾರಾಮ್ ಅವರು 2017ರಲ್ಲಿ ‘ಕಾಫಿ ತೋಟ’ ಅಂತ ಸಿನಿಮಾ ಮಾಡಿದ್ದರು. ಕೊಲೆಯ ಕಥೆ, ಅದರಲ್ಲೂ ವಾದ ವಿವಾದ.

ಚಿಕ್ಕಮ್ಮ: ನಮ್ಮಲ್ಲಿ ಬರೆಯೂದಕ್ಕೆ ಕೊಲೆಯೇ ಆಗಬೇಕು ಅಂತಿಲ್ಲ. 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿ ನಿಂತಿತು. ಸುಪ್ರೀಂ ಕೋರ್ಟಿನದ್ದೇ ಆದೇಶ. ಕಾಡು ಉಳೀಬೇಕು, ಭದ್ರೆ ಕೆಂಪಾಗಬಾರದು, ಅದು ಸರಿಯೇ. ಅಷ್ಟು ದೊಡ್ಡ ಕಾಲೋನಿ, ಶಾಲೆ, ಆಸ್ಪತ್ರೆ, ಒಂದೊಂದೇ ಮನೆ ಖಾಲಿ. ಇಲ್ಲಿಂದ ತರಕಾರಿ, ಬಾಳೆಗೊನೆ ಅಲ್ಲಿಗೆ ಹೋಗ್ತಿತ್ತು, ಅದು ನಿಂತಿತು. ಒಂದೇ ಮನೆಯಲ್ಲಿ ಅಣ್ಣನಿಗೆ ಗಣಿಯಲ್ಲಿ ಕೆಲಸ, ತಮ್ಮ ಗಣಿ ನಿಲ್ಲಿಸಬೇಕು ಅಂತ ಮೆರವಣಿಗೆಗೆ ಹೋದವ. ಇಬ್ಬರದ್ದೂ ನ್ಯಾಯವೇ. ಒಂದೇ ಬಟ್ಟಲಿನಿಂದ ಪಲ್ಯ ಬಡಿಸಿಕೊಳ್ಳಬೇಕು. ಇದರಲ್ಲಿ ಎಷ್ಟು ಕಂತು ಬೇಕು ನಿಂಗೆ?

ಹುಡುಗ: ಐದು ವರ್ಷ ಓಡಿಸಬಹುದು. ಯಾರೂ ಒಪ್ಪೋದಿಲ್ಲ.

ಚಿಕ್ಕಮ್ಮ: ಕೇಳಿ ನೋಡಿದ್ಯಾ?

ಹುಡುಗ: ಇಲ್ಲ.

ಚಿಕ್ಕಮ್ಮ: ಹಾಂ. ಹೋಗಲಿ, ಇವತ್ತಿನ ಕಂತು ಎಂತದ್ದು ಓದು. ನಿನ್ನ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯೂದರೊಳಗೆ.

ಹುಡುಗ: ನಾಲ್ಕನೇ ದೃಶ್ಯ, ಅಡುಗೆಮನೆ, ರಾತ್ರಿ. ಗಂಡ ಗುಟ್ಟಾಗಿ ಸಾಲ ಮಾಡಿದ್ದಾನೆ, ಮನೆ ಅಡವಿಟ್ಟಿದ್ದಾನೆ ಅಂತ ನಾದಿನಿ ಬಂದು ಹೇಳ್ತಾಳೆ. ನಾಯಕಿ ಕೈಯಲ್ಲಿ ಸ್ಟೀಲ್ ತಟ್ಟೆ ಇದೆ. ಕೇಳಿದ ಕೂಡಲೇ ತಟ್ಟೆ ಬೀಳುತ್ತೆ. ಅವಳು: ‘ಏನ್ ಹೇಳ್ತಿದ್ದೀರಾ ನೀವು?’ ಬ್ರೇಕ್.

ಚಿಕ್ಕಮ್ಮ: ನಲವತ್ತು ವರ್ಷದಿಂದ ಅಡುಗೆಮನೆಯಲ್ಲಿದ್ದೇನೆ. ಕೆಟ್ಟ ಸುದ್ದಿ ಎಷ್ಟು ಬಂದಿಲ್ಲ? ಒಂದು ಸಲವೂ ಕೈಯಿಂದ ತಟ್ಟೆ ಬೀಳಲಿಲ್ಲ ಮಾರಾಯ. ಕೆಟ್ಟ ಸುದ್ದಿ ಕೇಳಿದ್ರೆ ಕೈ ಇನ್ನೂ ಗಟ್ಟಿ ಹಿಡೀತದೆ.

ಹುಡುಗ: ಸರಿ, ನೀನಾಗಿದ್ದರೆ ಏನು ಮಾಡ್ತಿದ್ದೆ?

ಚಿಕ್ಕಮ್ಮ: ನಮ್ಮಲ್ಲಿ ಆದದ್ದೇ ಹೇಳ್ತೇನೆ. ಚಿಕ್ಕಪ್ಪ ಕೇಸಿಗೋಸ್ಕರ ನನಗೆ ಹೇಳದೆ ಸಾಲ ತೆಗೆದಿದ್ದರು. ಗೊತ್ತಾದದ್ದು ಬೇರೆಯವರಿಂದ. ಯಾರಿಂದ ಅಂತ ಕೇಳು. ಎದುರು ಪಾರ್ಟಿಯ ಹೆಂಡತಿಯಿಂದ. ವರ್ಷಗಟ್ಟಲೆ ಮಾತಿಲ್ಲ ನಮ್ಮೊಳಗೆ. ಒಂದೇ ಒಂದು ವಿಷಯಕ್ಕೆ ಮಾತಿತ್ತು. ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಅವರ ಲೈನಿನಲ್ಲಿದ್ದರೆ, ಮರುದಿನ ಬೇಲಿ ಹತ್ತಿರ ನಿಂತು ನಿನ್ನೆಯ ಮುಕ್ತದ ಕಥೆ ಅಷ್ಟೂ ಹೇಳ್ತಿದ್ಲು. ಕೋರ್ಟಿನ ಸೀನಾದ್ರೆ ಎರಡೂ ಕಡೆಯ ವಾದ ಬಿಡದೆ ಒಪ್ಪಿಸೂದು. ಕಥೆ ಮುಗೀತು, ಮುಖ ತಿರುಗಿಸಿ ಹೋಗೂದು. ಆವತ್ತು ಕಥೆ ಮುಗಿದ ಮೇಲೂ ಹೋಗಲಿಲ್ಲ. ‘ನಿಮ್ಮವರು ಸೊಸೈಟಿಯಲ್ಲಿ ತೆಗೆದದ್ದು ನಿಮಗೆ ಗೊತ್ತುಂಟಲ್ಲ’ ಅಂತ ಕೇಳಿದ್ಲು.

ಹುಡುಗ: ಚಿಕ್ಕಮ್ಮ, ಇದು ನನಗೆ ಕೊಡು. ಬೇಲಿ, ಧಾರಾವಾಹಿಯ ಕಥೆ ಹೇಳೋ ಎದುರು ಪಾರ್ಟಿಯ ಹೆಂಡತಿ. ಇಷ್ಟು ಸಾಕು ನನಗೆ.

ಚಿಕ್ಕಮ್ಮ: ಅದು ಕೊಡೂದಿಲ್ಲ. ಅವಳಿನ್ನೂ ಇದ್ದಾಳೆ, ನಿನ್ನ ಧಾರಾವಾಹಿ ನೋಡ್ತಾಳೆ. ಸಾಲದ್ದು ಬೇಕಾದ್ರೆ ತಗೋ.

ಹುಡುಗ: ಕೇಸು ಕೊನೆಗೆ ಏನಾಯ್ತು?

ಚಿಕ್ಕಮ್ಮ: ರಾಜಿ. ಗಂಡಸರಿಬ್ಬರಿಗೂ ಮಂಡಿನೋವು ಬಂತು, ಬಸ್ಸು ಹತ್ತೂದಕ್ಕಾಗದೆ ರಾಜಿ ಬರೆದ್ರು. ಇದಕ್ಕೆ ಟಿಆರ್‌ಪಿ ಬರ್ತದಾ?

ಹುಡುಗ: ಮಂಡಿನೋವಿಗೆ ಬರೋದಿಲ್ಲ. ಸಾಲದ ವಿಷಯ ಕೇಳಿ ನೀನೇನು ಹೇಳಿದೆ? ಅಳು ಬಂತಾ?

ಚಿಕ್ಕಮ್ಮ: ಅಳೂದು ಆಮೇಲೆ, ಹಾಲು ಕರೆಯುವಾಗ. ಮನೆಗೆ ಬಂದು ಚಿಕ್ಕಪ್ಪನಿಗೆ ಊಟ ಬಡಿಸಿದೆ. ಸಾರು ಹಾಕುವಾಗ ಕೇಳಿದೆ: ‘ಜಾಮೀನು ಯಾರು ಹಾಕಿದ್ದು?’

ಹುಡುಗ: ಅಷ್ಟೇನಾ?

ಚಿಕ್ಕಮ್ಮ: ಅಷ್ಟೇ. ಸಾಲ ಯಾಕೆ ಮಾಡಿದ್ರಿ, ನನಗೆ ಯಾಕೆ ಹೇಳಲಿಲ್ಲ, ಅದೆಲ್ಲ ಕೇಳಿದ್ರೆ ಜಗಳ. ಜಾಮೀನು ಯಾರು ಅಂತ ಕೇಳಿದ್ರೆ, ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಯ್ತು. ಇನ್ನು ಯಾರ ಮನೆ ಎದುರು ನಾವು ತಲೆ ತಗ್ಗಿಸಬೇಕು ಅಂತ ನಾನು ಲೆಕ್ಕ ಹಾಕ್ತಿದ್ದೇನೆ ಅಂತಲೂ ಗೊತ್ತಾಯ್ತು.

ಹುಡುಗ: ಮೂರೇ ಪದ. ಪ್ರಾಂಪ್ಟ್ ಮಾಡೋಕೂ ಸುಲಭ. ಇರು, ಬರ್ಕೊಳ್ತೀನಿ. ನಾದಿನಿ ಹೇಳಿ ಹೋಗ್ತಾಳೆ. ನಾಯಕಿ ತಟ್ಟೆಯನ್ನ ಜಾಗಕ್ಕಿಡ್ತಾಳೆ, ಬೀಳಿಸೋದಿಲ್ಲ. ಗಂಡ ಊಟಕ್ಕೆ ಕೂರ್ತಾನೆ. ಸಾರು ಬಡಿಸ್ತಾ: ‘ಜಾಮೀನು ಯಾರು ಹಾಕಿದ್ದು?’ ಅವನು ತುತ್ತು ಕೆಳಗಿಟ್ಟು ಹೇಳ್ತಾನೆ, ‘ನಿನ್ನ ಅಣ್ಣ.’

ಚಿಕ್ಕಮ್ಮ: ಅಯ್ಯೋ, ಇವತ್ತೇ ಹೇಳಿಸ್ತೀಯಾ? ತಲೆ ಉಂಟಾ ನಿಂಗೆ? ಅವನು ತುತ್ತು ಕೆಳಗಿಡೂದಕ್ಕೆ ಮುಗಿಸು. ಯಾರು ಅಂತ ನಾಳೆ ಹೇಳು.